ಮಾತು ಬಾರದ ಮಗುವಿಗೆ ಆಪರೇಶನ್: ನೋವು ಹೇಗೆ ಗೊತ್ತಾಗುತ್ತೆ?

ಕೇಳಿದ್ದು, ಹಾವೇರಿಯಿಂದ: ಮಗನಿಗೆ 9 ವರ್ಷ. ಬುದ್ಧಿ ಬೆಳವಣಿಗೆ ನಿಧಾನ, ಮಾತಿಲ್ಲ. ಮುಂದಿನ ವಾರ ಹುಬ್ಬಳ್ಳಿಯಲ್ಲಿ ಹರ್ನಿಯಾ ಆಪರೇಶನ್. ನೋವಾದರೂ ಅವನು ಹೇಳುವುದಿಲ್ಲ. ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಗದಗದಿಂದ: ಅಕ್ಕಾ, ಇವತ್ತೇ ಒಂದು ಹಾಳೆ ತಗೊಳ್ಳಿ. ಹಿಂದೆ ಕಿವಿ ನೋವು, ಹೊಟ್ಟೆ ನೋವು ಬಂದಾಗ ಅವನು ಏನು ಮಾಡುತ್ತಿದ್ದ ಅಂತ ನೆನಪಿಸಿಕೊಂಡು ಬರೆದಿಡಿ. ನನ್ನ ಮಗಳು ನೋವಾದರೆ ಅಳುವುದಿಲ್ಲ. ಹಲ್ಲು ಕಡಿಯುತ್ತಾಳೆ, ಎಡಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಿಗಿಯಾಗಿ ಮುಚ್ಚಿಕೊಳ್ಳುತ್ತಾಳೆ. ಆಪರೇಶನ್ ಆದ ರಾತ್ರಿ ಸುಮ್ನೆ ಮಲಗಿದ್ದಳು. ನೋಡಿದವರೆಲ್ಲ "ಆರಾಮ ಮಲಗ್ಯಾಳ" ಅಂದರು. ನಾನು ಮುಷ್ಟಿ ನೋಡಿದೆ. ಸಿಸ್ಟರ್‌ಗೆ ಹಾಳೆ ತೋರಿಸಿದೆ. ಔಷಧಿ ಕೊಟ್ಟ ಸ್ವಲ್ಪ ಹೊತ್ತಿಗೆ ಬೆರಳು ಒಂದೊಂದೇ ಬಿಚ್ಚಿಕೊಂಡವು.

ಇಂಥ ಮಕ್ಕಳಿಗಾಗಿಯೇ ನೋವು ಅಳೆಯುವ ಆರ್-ಫ್ಲಾಕ್ ಅನ್ನುವ ಅಳತೆ ಇದೆ. ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನಕ್ಕೆ ಬರುವ ರೀತಿ, ಒಂದೊಂದಕ್ಕೂ 0ಯಿಂದ 2 ಅಂಕ, ಒಟ್ಟು 10. ಮನೆಯವರು ಹೇಳುವ ಗುರುತುಗಳನ್ನೂ ಅದರಲ್ಲಿ ಸೇರಿಸಿಕೊಳ್ಳುತ್ತಾರೆ. ಅನಸ್ತೇಸಿಯಾ ಡಾಕ್ಟರ್ ಹತ್ತಿರ ಮೊದಲೇ ಮಾತಾಡಿ. ಹರ್ನಿಯಾಕ್ಕೆ ಬೆನ್ನಿನ ಕೆಳಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುವುದುಂಟು. ಅದರ ಪ್ರಭಾವ ಕೆಲವೇ ಗಂಟೆ. ಅದು ಇಳಿಯುವ ಮೊದಲೇ ಮುಂದಿನ ಔಷಧಿ ಕೊಡಿ ಅಂತ ಕೇಳಿ. ಅತ್ತ ಮೇಲೆ ಕೊಡೋಣ ಅಂದರೆ ನಮ್ಮ ಮಕ್ಕಳು ಅಳುವುದೇ ಇಲ್ಲ ಅಲ್ವಾ?

ಧಾರವಾಡದಿಂದ: ನಮ್ಮ ಹುಡುಗನಿಗೆ ಸೆರೆಬ್ರಲ್ ಪಾಲ್ಸಿ, ಕಾಲಿನ ಆಪರೇಶನ್ ಆಗಿತ್ತು. ಗಾಯಕ್ಕಿಂತ ಕಾಲು ಸೆಟೆದುಕೊಂಡು ಎಳೆಯುವುದೇ ಜಾಸ್ತಿ ಕಾಡಿತು. ಅದಕ್ಕೆ ಬೇರೆ ಔಷಧಿ ಬೇಕಾಯಿತು. ಫಿಟ್ಸ್ ಮಾತ್ರೆ, ಬ್ಯಾಕ್ಲೋಫೆನ್ (ಸ್ನಾಯುಗಳ ಸೆಟೆತ ಸಡಿಲಿಸುವ ಔಷಧಿ) ನಡೆಯುತ್ತಿದ್ದರೆ ತಾವಾಗಿಯೇ ನಿಲ್ಲಿಸಬೇಡಿ. ಹೊಟ್ಟೆ ಖಾಲಿ ಇಡುವ ಬೆಳಗ್ಗೆ ಹೇಗೆ ಕೊಡಬೇಕು ಅಂತ ಡಾಕ್ಟರನ್ನೇ ಕೇಳಿ.

ಹುಬ್ಬಳ್ಳಿಯಿಂದ, ಮಕ್ಕಳ ವಾರ್ಡಿನ ನರ್ಸ್: ಮನೆಗೆ ಹೋದ ಮೇಲಿನ ಮಾತು ಹೇಳುತ್ತೇನೆ ಅಕ್ಕಾ. ಪ್ಯಾರಾಸಿಟಮಾಲ್ ತೂಕದ ಲೆಕ್ಕ. ಸಾಮಾನ್ಯವಾಗಿ ಕಿಲೋಗೆ 15 ಮಿಲಿಗ್ರಾಂ, 6 ಗಂಟೆಗೊಮ್ಮೆ, ದಿನಕ್ಕೆ 4 ಸಲ ಮೀರಬಾರದು. 20 ಕಿಲೋ ಮಗುವಿಗೆ ಒಂದು ಸಲಕ್ಕೆ 300 ಮಿಲಿಗ್ರಾಂ. ಸಿರಪ್‌ನಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ, 250 ಮಿಲಿಗ್ರಾಂ ಅಂತ ಬೇರೆ ಬೇರೆ ಇರುತ್ತವೆ, ಚೀಟಿ ಮತ್ತು ಬಾಟಲಿ ಎರಡನ್ನೂ ಜೋಡಿಸಿ ನೋಡಿ. ಶೀತದ ಸಿರಪ್‌ನಲ್ಲೂ ಪ್ಯಾರಾಸಿಟಮಾಲ್ ಇರಬಹುದು, ಎರಡೂ ಒಟ್ಟಿಗೆ ಬೇಡ. ಮೊದಲ ಒಂದೆರಡು ದಿನ ಡಾಕ್ಟರ್ ಹೇಳಿದ ಹಾಗೆ ಗಡಿಯಾರ ನೋಡಿ ಕೊಡಿ. ಕೊಟ್ಟರೂ ನಿಮ್ಮ ಹಾಳೆಯ ಗುರುತು ಹೋಗದಿದ್ದರೆ ಮೂತ್ರ ಕಟ್ಟಿದೆಯಾ, ಸಂಡಾಸು ಆಗಿದೆಯಾ ನೋಡಿ. ವಾಂತಿ, ಜ್ವರ, ಹೊಟ್ಟೆ ಉಬ್ಬರ ಇದ್ದರೆ ರಾತ್ರಿಯಾದರೂ ಕರೆದುಕೊಂಡು ಬನ್ನಿ.