ಎಷ್ಟು ತೆಗೆದರೂ ಮತ್ತೆ ತುಕ್ಕು, ಮುದ್ರೆಯೂ ಅರ್ಧ: ಈ ರಾಡ್ಜರ್ಸ್ ಚಾಕು ಯಾವ ಕಾಲದ್ದು?

ಮಡಚುಗತ್ತಿ:
ಇಂಗ್ಲೆಂಡಿನ ಶೆಫೀಲ್ಡ್ ಊರಿನ ರಾಡ್ಜರ್ಸ್ ಕಂಪನಿಯ, ಎರಡು ಅಲಗಿನ ಜೇಬುಚಾಕು. ತುಕ್ಕು ತೆಗೆದು, ಎಣ್ಣೆ ಸವರಿ ಇಟ್ಟರೆ ಹದಿನೈದು ದಿನಕ್ಕೆ ಮತ್ತೆ ಕೆಂಪಗೆ. ಮೂರು ಸಲ ಆಯಿತು, ತಲೆ ಕೆಟ್ಟುಹೋಗಿದೆ. ದೊಡ್ಡ ಅಲಗಿನ ಬುಡದಲ್ಲಿ ‘ಜಿ’, ಕಿರೀಟ, ‘ಆರ್’ ಕಾಣುತ್ತೆ. ಅದರ ಕೆಳಗೆ ರಾಡ್ಜರ್ಸ್ ಹೆಸರಿನ ಕೊನೆಯ ಮೂರ್ನಾಲ್ಕು ಅಕ್ಷರ. ಉಳಿದದ್ದನ್ನೆಲ್ಲ ತುಕ್ಕು ತಿಂದಿದೆ. ಕಾಲ ಹೇಗೆ ಗುರುತಿಸೋದು, ತುಕ್ಕು ಹೇಗೆ ನಿಲ್ಲಿಸೋದು? ಎಣ್ಣೆ ಬದಲಿಸಿ ಅಂತ ಮಾತ್ರ ಹೇಳಬೇಡಿ, ಮೂರು ಥರದ್ದು ಹಾಕಿ ನೋಡಿದೆ.

ಎಣ್ಣೆಕೈ:
ಎಣ್ಣೆಯದೇ ಸಮಸ್ಯೆ ಸರ್. ಸ್ಪ್ರೇ ಹಾಕಿದ್ದರೆ ಅದರ ಬಹುಪಾಲು ಆವಿಯಾಗಿ ಹೋಗುತ್ತೆ, ಉಳಿಯೋ ಪದರ ತೀರಾ ತೆಳು. ಅಲಗನ್ನು ಅರ್ಧ ತೆರೆದು, ತಿರುಗುವ ಮೊಳೆಯ ಎರಡೂ ಕಡೆ ಹೊಲಿಗೆ ಯಂತ್ರದ ಎಣ್ಣೆ ಎರಡೆರಡು ಹನಿ ಬಿಡಿ. ಇಪ್ಪತ್ತು ಸಲ ತೆರೆದು ಮುಚ್ಚಿ. ಕಪ್ಪು ರಾಡಿ ಹೊರಬರುತ್ತೆ, ಒರೆಸಿ. ರಾಡಿ ನಿಲ್ಲೋವರೆಗೆ ಇದೇ ಕೆಲಸ.

ರಾಜಮುದ್ರೆ:
ಎಣ್ಣೆ ಆಮೇಲೆ. ಜಿ-ಕಿರೀಟ-ಆರ್ ಅಂದರೆ ಜಾರ್ಜ್ ದೊರೆ. ರಾಡ್ಜರ್ಸ್‌ಗೆ ರಾಜಮನೆತನಕ್ಕೆ ಚಾಕು ಒದಗಿಸೋ ನೇಮಕ ಸಿಕ್ಕಿದ್ದು 1822ರಲ್ಲಿ, ನಾಲ್ಕನೇ ಜಾರ್ಜ್ ಕಾಲ. ಅವನು ತೀರಿಕೊಂಡದ್ದು 1830. ಅಲ್ಲಿಗೆ ನಿಮ್ಮ ಚಾಕು ಆ ಎಂಟು ವರ್ಷದ್ದು. ಅದನ್ನು ಉಜ್ಜಲೇಬೇಡಿ!

ಹತ್ತುಪಟ್ಟು:
ಅಷ್ಟು ಬೇಗ ತೀರ್ಮಾನ ಬೇಡ. ಜಾರ್ಜ್‌ಗಳು ಒಬ್ಬರಲ್ಲ. ಐದನೆಯವನು 1910ರಿಂದ 1936, ಆರನೆಯವನು 1936ರಿಂದ 1952. ಮೊದಲು ಮುದ್ರೆ ಪೂರ್ತಿ ಓದಬೇಕು. ಬುಡದ ಮೇಲೆ ಮಿನರಲ್ ಎಣ್ಣೆ ಹಚ್ಚಿ 24 ಗಂಟೆ ಬಿಡಿ. ಮೊನೆ ಮಾಡಿದ ಬಿದಿರುಕಡ್ಡಿಯಿಂದ ಅಕ್ಷರದ ಗೆರೆಯ ಉದ್ದಕ್ಕೇ ಕೆರೆಯಿರಿ, ಅಡ್ಡಕ್ಕೆ ಬೇಡ. ಎಣ್ಣೆ ಒರೆಸಿ, ಸೀಮೆಸುಣ್ಣದ ಪುಡಿ ತಿಕ್ಕಿ, ಬೆರಳಿಂದ ಮೇಲ್ಮೈ ಮಾತ್ರ ಒರೆಸಿ. ತಗ್ಗಿನಲ್ಲಿ ಪುಡಿ ಉಳಿಯುತ್ತೆ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಅಲಗಿಗೆ ಸಮನಾಗಿ ಮಲಗಿಸಿ ಹಿಡಿದು 10 ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ನೇರ ಬೆಳಕಲ್ಲಿ ಕಾಣದ ಅಕ್ಷರ ಓರೆ ಬೆಳಕಲ್ಲಿ ಎದ್ದು ಬರುತ್ತೆ. ಬುಡದ ಹಿಂಬದಿ, ಚಿಕ್ಕ ಅಲಗಿನ ಎರಡೂ ಬದಿ ಬಿಡಬೇಡಿ. ರಾಡ್ಜರ್ಸ್ ಚಾಕುಗಳ ಮೇಲಿರೋ ನಕ್ಷತ್ರ, ಮಾಲ್ಟೀಸ್ ಶಿಲುಬೆಯ ಗುರುತು ಸಿಗಬಹುದು. ಆದರೆ ಆ ಗುರುತು 1682ರಿಂದಲೂ ಇರೋದರಿಂದ ಕಾಲ ಹೇಳಲು ಅದು ಸಾಲದು.

ಎಣ್ಣೆಕೈ:
ಕಡ್ಡಿಗಿಂತ ನಾಲ್ಕು ಸೊನ್ನೆಯ, ಅಂದರೆ ತೀರಾ ನುಣುಪು ಎಳೆಯ, ಉಕ್ಕಿನ ಉಣ್ಣೆ ಒಳ್ಳೆಯದು. ಎರಡು ನಿಮಿಷದ ಕೆಲಸ.

ಹತ್ತುಪಟ್ಟು:
ಅಲಗಿನ ಮೈಮೇಲೆ ಸರಿ, ಮುದ್ರೆಯ ಮೇಲೆ ಖಂಡಿತ ತಪ್ಪು. ಅಕ್ಷರದ ಅಂಚು ದುಂಡಾಗಿಬಿಟ್ಟರೆ ಓರೆ ಬೆಳಕಿಗೆ ನೆರಳೇ ಬೀಳಲ್ಲ. ಬೂದು ಪಟಿನಾ, ಅಂದರೆ ವರ್ಷಗಳಿಂದ ಕೂತ ಹಳೆ ಬಣ್ಣದ ಪದರ, ಕೂಡ ಹೋಗುತ್ತೆ.

ಎಣ್ಣೆಕೈ:
ಎಣ್ಣೆ ಹಾಕಿ ಹಗುರವಾಗಿ ಉಜ್ಜಿದರೆ ಪಟಿನಾ ಹೋಗಲ್ಲ. ಅಲಗು ತೆರೆಯಲು ಉಗುರು ಸಿಕ್ಕಿಸೋ ಗೆರೆಯೊಳಗೆ ಕೂಡ ಹಾಗೇ ಉಳಿಯುತ್ತೆ.

ಡ್ರಾಯರ್42:
ನನ್ನ ವ್ಯವಸ್ಥೆ ಹೇಳ್ತೀನಿ: 42 ಚಾಕು, ರಬ್ಬರ್ ಅಂಚಿನ ಗಾಳಿಯಾಡದ ಡಬ್ಬ, ಪ್ರತಿ ಡಬ್ಬಕ್ಕೆ 50 ಗ್ರಾಂ ಸಿಲಿಕಾ ಜೆಲ್, ಒಳಗೆ ಆರ್ದ್ರತೆ ಮಾಪಕ, ಸದಾ 40 ಶೇಕಡ. ಒಂದಕ್ಕೂ ತುಕ್ಕಿಲ್ಲ. ಮಾಪಕ ಎರಡು ಇಟ್ಟು ತಾಳೆ ನೋಡೋದು ಉತ್ತಮ.

ಮಡಚುಗತ್ತಿ:
ನಾನೂ ಗಾಳಿಯಾಡದ ಡಬ್ಬದಲ್ಲೇ, ಜೆಲ್ ಜೊತೆಗೇ ಇಟ್ಟಿರೋದು. ಆದರೂ ಬರ್ತಿದೆ! ಪಕ್ಕದಲ್ಲಿದ್ದ ಇನ್ನೊಂದು ಚಾಕುವಿನ ಹಿತ್ತಾಳೆ ಲೈನರ್ (ಹಿಡಿಯ ಒಳಗಿನ ತೆಳು ತಗಡು) ಕೂಡ ಹಸಿರು ತಿರುಗಿದೆ.

ಕರ್ಪೂರ:
ನಿಲ್ಲಿ. ಹಿಡಿ ಯಾವುದರದ್ದು ಅಂತ ಇದುವರೆಗೆ ಯಾರೂ ಕೇಳಿಲ್ಲ, ನೀವೂ ಹೇಳಿಲ್ಲ. ತುಕ್ಕು ಅಲಗಿನಲ್ಲಿ ಎಲ್ಲೆಲ್ಲಿ ಹೆಚ್ಚು?

ಮಡಚುಗತ್ತಿ:
ಆಮೆಚಿಪ್ಪು, ಅದರಲ್ಲಿ ವಿಶೇಷ ಏನಿಲ್ಲ ಅಂತ ಬಿಟ್ಟೆ. ತುಕ್ಕು ಇರೋದು ಚಾಕು ಮುಚ್ಚಿದಾಗ ಹಿಡಿಯೊಳಗೆ ಕೂರೋ ಭಾಗಕ್ಕೆ ಮಾತ್ರ. ಹೊರಗೆ ಉಳಿಯೋ ಬೆನ್ನು ಚೆನ್ನಾಗಿದೆ.

ಕರ್ಪೂರ:
ಆಮೆಚಿಪ್ಪಲ್ಲ, ಅದರಂತೆ ಕಾಣೋ ಹಳೆ ಕಾಲದ ಪ್ಲಾಸ್ಟಿಕ್ ಸೆಲ್ಯುಲಾಯ್ಡ್ ಇರಬೇಕು. ಹೆಬ್ಬೆರಳಿನಿಂದ ಬಿಸಿಯಾಗೋವರೆಗೆ ಜೋರಾಗಿ ತಿಕ್ಕಿ ಮೂಸಿ. ಕರ್ಪೂರದ ವಾಸನೆ ಬಂದರೆ ಅದೇ. ಕಾದ ಸೂಜಿ ಚುಚ್ಚಿ ನೋಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಭಗ್ಗನೆ ಹತ್ತಿಕೊಳ್ಳುತ್ತೆ. ಅದು ನೈಟ್ರೋಸೆಲ್ಯುಲೋಸ್ ಮತ್ತು ಕರ್ಪೂರ ಬೆರೆಸಿ ಮಾಡಿದ್ದು. ಹಳತಾದಂತೆ ಒಡೆದು ನೈಟ್ರೋಜನ್ ಆಕ್ಸೈಡ್ ಬಿಡುತ್ತೆ. ತೇವ ಸೇರಿದರೆ ನೈಟ್ರಿಕ್ ಆಮ್ಲ. ಯಾರು ಮಾಡಿದ ಚಾಕುವಾದರೂ ಈ ವಸ್ತುವಿನ ಗುಣ ಇದೇ. ಗಾಳಿಯಾಡದ ಡಬ್ಬ ಆ ಅನಿಲವನ್ನು ಒಳಗೇ ಕೂಡಿಹಾಕುತ್ತೆ. ಸಿಲಿಕಾ ಜೆಲ್ ನೀರನ್ನು ಹೀರುತ್ತೆ, ಹೊಮ್ಮೋ ಆಮ್ಲವನ್ನು ತಡೆಯಲ್ಲ. ಲೈನರ್ ಹಸಿರಾದದ್ದೂ ಅದಕ್ಕೇ.

ಕಾಲದ ಪ್ರಶ್ನೆಗೂ ಇದರಲ್ಲೇ ಉತ್ತರ ಇದೆ. ಸೆಲ್ಯುಲಾಯ್ಡ್ ಬಳಕೆಗೆ ಬಂದದ್ದು 1870ರ ಆಸುಪಾಸು. 1830ಕ್ಕೆ ತೀರಿಕೊಂಡ ದೊರೆಯ ಮುದ್ರೆ ಅದರ ಜೊತೆ ಬರೋಕೆ ಸಾಧ್ಯವಿಲ್ಲ.

ರಾಜಮುದ್ರೆ:
ಹಿಡಿ ಆಮೇಲೆ ಬದಲಿಸಿರಬಹುದಲ್ಲ? ಅಲಗು ಹಳೆಯದು, ಹಿಡಿ ಹೊಸದು.

ಹತ್ತುಪಟ್ಟು:
ನೋಡಿದರೆ ಗೊತ್ತಾಗುತ್ತೆ. ಹಿಡಿಯ ಪಟ್ಟಿ ಬೋಲ್ಸ್ಟರಿಗೆ (ಹಿಡಿಯ ತುದಿಯ ಲೋಹದ ತುಂಡು) ಕೂದಲೆಳೆ ಸಂದಿಯೂ ಇಲ್ಲದೆ ಕೂತಿದೆಯಾ? ಮೊಳೆಗಳ ತಲೆ ಒಂದೇ ಥರ ಬಡಿದದ್ದಾ? ಒಳಗಿಂದ ಲೈನರಿನಲ್ಲಿ ಬಳಕೆಯಾಗದ ಹಳೆ ತೂತು ಇದೆಯಾ? ಹಳೆ ತೂತು ಇದ್ದರೆ ಹಿಡಿ ಬದಲಾಗಿದೆ. ಬೋಲ್ಸ್ಟರಿಗೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣ, ಅಂಟದಿದ್ದರೆ ಜರ್ಮನ್ ಸಿಲ್ವರ್ (ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ) ಇರಬಹುದು.

ಮಡಚುಗತ್ತಿ:
ಕರ್ಪೂರದ ವಾಸನೆ ಬಂತು, ಜೊತೆಗೆ ಮೂಗಿಗೆ ಚುರುಕು ಹತ್ತೋ ಹುಳಿ ವಾಸನೆ. ಅಯಸ್ಕಾಂತ ಅಂಟಲ್ಲ, ಹಳೆ ತೂತು ಇಲ್ಲ, ಸಂದಿಯೂ ಇಲ್ಲ. ಚಿಕ್ಕ ಅಲಗಿನ ಬುಡದ ಹಿಂಬದಿ ಸೀಮೆಸುಣ್ಣ ತಿಕ್ಕಿದ ಮೇಲೆ ‘ಇಂಗ್ಲೆಂಡ್’ ಅಂತ ಬಂತು.

ಹತ್ತುಪಟ್ಟು:
ಅಮೆರಿಕದ 1890ರ ಸುಂಕ ಕಾನೂನು ಬಂದಮೇಲೆ, 1891ರಿಂದ, ಅಲ್ಲಿಗೆ ಹೋಗೋ ಸರಕಿಗೆ ದೇಶದ ಹೆಸರು ಕಡ್ಡಾಯ. ಜಾರ್ಜ್ ಮುದ್ರೆ, ಸೆಲ್ಯುಲಾಯ್ಡ್ ಹಿಡಿ, ‘ಇಂಗ್ಲೆಂಡ್’ ಮೂರೂ ಸೇರಿಸಿದರೆ ಐದನೇ ಅಥವಾ ಆರನೇ ಜಾರ್ಜ್, ಅಂದರೆ 1910ರಿಂದ 1952ರೊಳಗೆ. ಇಬ್ಬರಲ್ಲಿ ಯಾರು ಅಂತ ಈ ಮುದ್ರೆಯಿಂದ ಹೇಳೋಕಾಗಲ್ಲ.

ರಾಜಮುದ್ರೆ:
ಒಪ್ಪಿದೆ. ಆದರೂ ‘ಇಂಗ್ಲೆಂಡ್’ ಇಲ್ಲ ಅನ್ನೋದೊಂದರಿಂದಲೇ 1891ಕ್ಕಿಂತ ಹಿಂದಿನದು ಅನ್ನಬಾರದು. ಅಮೆರಿಕಕ್ಕೆ ಹೋಗದ ಸರಕಿಗೆ ಆ ಕಾನೂನು ಅನ್ವಯಿಸಲ್ಲ.

ಕರ್ಪೂರ:
ಮಡಚುಗತ್ತಿ ಅವರೇ, ಇವತ್ತೇ ಆ ಚಾಕುವನ್ನು ಡಬ್ಬದಿಂದ ತೆಗೆದು ಬೇರೆ ಇಡಿ. ಅಡುಗೆ ಸೋಡಾವನ್ನು ನೀರಲ್ಲಿ ತೆಳ್ಳಗೆ ಕಲಸಿ ಅಲಗಿಗೆ ಮಾತ್ರ ಒರೆಸಿ, ಒದ್ದೆ ಬಟ್ಟೆಯಿಂದ ತೆಗೆದು, ಪೂರ್ತಿ ಒಣಗಿಸಿ ಮೇಣ ಹಚ್ಚಿ. ಹಿಡಿಗೆ ಅಸಿಟೋನ್ ತಾಗಿಸಬೇಡಿ, ಕರಗುತ್ತೆ. ಅಲಗು ಅರ್ಧ ತೆರೆದ ಸ್ಥಿತಿಯಲ್ಲಿ, ಗಾಳಿಯಾಡೋ, ಬಿಸಿಲು ಬೀಳದ, ತಂಪು ಜಾಗದಲ್ಲಿಡಿ. ಒಡೆಯೋಕೆ ಶುರುವಾದ ಸೆಲ್ಯುಲಾಯ್ಡನ್ನು ಸರಿಮಾಡೋ ಉಪಾಯ ಇಲ್ಲ, ನಿಧಾನ ಮಾಡಬಹುದು ಅಷ್ಟೆ.

ಡ್ರಾಯರ್42 ಅವರೇ, ನಿಮ್ಮ 42ರಲ್ಲಿ ಮುತ್ತಿನಂತೆ ಹೊಳೆಯೋ, ದಂತದಂತೆ ಗೆರೆಯಿರೋ ಹಿಡಿಗಳೆಷ್ಟು? ಅವೂ ಸೆಲ್ಯುಲಾಯ್ಡ್ ಇರಬಹುದು.

ಡ್ರಾಯರ್42:
ಒಂಬತ್ತು. ಡಬ್ಬ ತೆರೆದು ಒಂದೊಂದೇ ತಿಕ್ಕಿ ನೋಡ್ತಿದ್ದೀನಿ. ಎರಡರಲ್ಲಿ ಕರ್ಪೂರ ಬಂತು.