ಕೊರಿಯಾದಲ್ಲಿರೋ ಕನ್ನಡಿಗರೇ, ಇಲ್ಲಿನ ಒಳ್ಳೆ ಹಾಡು ಎಲ್ಲಿ ಹುಡುಕ್ತೀರಿ? ಅನುಭವ ಹೇಳಿ

ಹೊಸಬ_ಸುವೊನ್: ಸುವೊನ್‌ಗೆ ಬಂದು ಮೂರು ತಿಂಗಳಾಯ್ತು. ಐಡಲ್ ಗುಂಪುಗಳ ಹೆಸರು ಬಿಟ್ಟರೆ ಇಲ್ಲಿನ ಸಂಗೀತ ಏನೂ ಗೊತ್ತಿಲ್ಲ. ಗಿಟಾರ್, ಡ್ರಮ್ಸ್ ಇರೋ ಬ್ಯಾಂಡ್ ಕೇಳೋ ಆಸೆ. ಹಾಡಿನ ಆ್ಯಪ್‌ನಲ್ಲಿ ಖಾತೆ ತೆರೆಯೋಕೆ ಹೋದರೆ ಫೋನಿನಲ್ಲಿ ಗುರುತು ಖಚಿತಪಡಿಸೋ ಹಂತದಲ್ಲೇ ನಿಂತುಹೋಗುತ್ತೆ. ತಿಂಗಳಿಗೆ 50,000 ವೊನ್ ಇಡಬಲ್ಲೆ. ಎಲ್ಲಿಂದ ಶುರು ಮಾಡಲಿ?

ಯೊಂಗ್‌ತೊಂಗ್_ಗೌಡ: ಮೊದಲು ಬೋನಿನ್ ಇನ್‌ಜುಂಗ್, ಅಂದ್ರೆ ಫೋನಿನಲ್ಲಿ ಗುರುತು ಖಚಿತಪಡಿಸೋದು, ಅದನ್ನ ಸರಿ ಮಾಡ್ಕೊಳ್ಳಿ, ಮಿಕ್ಕಿದ್ದೆಲ್ಲ ಆಮೇಲೆ. ಪಾಸ್‌ಪೋರ್ಟ್ ತೋರಿಸಿ ತಗೊಂಡ ಸಿಮ್ ಇದ್ದರೆ ಅದು ಯಾವತ್ತೂ ದಾಟಲ್ಲ. ವಿದೇಶಿ ನೋಂದಣಿ ಕಾರ್ಡ್ ಕೈಗೆ ಬಂದಮೇಲೆ ಫೋನ್ ಅಂಗಡಿಗೆ ಹೋಗಿ ಲೈನನ್ನು ಆ ಕಾರ್ಡಿನ ನಂಬರಿಗೆ ಬದಲಾಯಿಸಬೇಕು. ಅಷ್ಟಾದರೂ ಸಾಲದು. ನಮ್ಮ ಕಡೆಯವರ ಹೆಸರಲ್ಲಿ ಊರು, ಅಪ್ಪನ ಹೆಸರು, ನಮ್ಮ ಹೆಸರು ಮೂರೂ ಇರುತ್ತೆ. ಕಾರ್ಡಿನಲ್ಲಿ ಒಂದು ಕ್ರಮ, ಫೋನ್ ಕಂಪನಿಯ ದಾಖಲೆಯಲ್ಲಿ ಇನ್ನೊಂದು. ಒಂದು ಕಡೆ ಜಾಗ ಬಿಟ್ಟು, ಇನ್ನೊಂದು ಕಡೆ ಎಲ್ಲ ಸೇರಿಸಿ. ಒಂದಕ್ಷರ ಹೆಚ್ಚುಕಮ್ಮಿಯಾದರೂ ತಿರಸ್ಕಾರ. ಅಂಗಡಿಯವರ ಪರದೆಯಲ್ಲಿ ಹೆಸರು ಹೇಗೆ ದಾಖಲಾಗಿದೆ ಅಂತ ನೋಡಿ, ಬರೆದುಕೊಳ್ಳಿ. ಆ್ಯಪಿನಲ್ಲಿ ವಿದೇಶಿಯರ ಆಯ್ಕೆ ಒತ್ತಿ, ಅದನ್ನೇ ದೊಡ್ಡಕ್ಷರದಲ್ಲಿ ಹಾಗೇ ಹಾಕಿ. ಅಗ್ಗದ ಸಿಮ್ ಆದರೆ ಕಂಪನಿಗಳ ಪಟ್ಟಿಯಲ್ಲಿ ‘ಆಲ್‌ಟುಲ್‌ಫೋನ್’ ಅಂತ ಬೇರೆ ಇರುತ್ತೆ, ಅದನ್ನೇ ಆರಿಸಿ.

ಇದಾದ ಮೇಲೆ ಇಲ್ಲಿನ ಹಾಡಿನ ಆ್ಯಪ್ ಮೆಲಾನ್ ಹಾಕಿಸ್ಕೊಳ್ಳಿ. ಹಣ ವೆಬ್‌ನಲ್ಲಿ ಕಟ್ಟಿ, ಆ್ಯಪ್ ಒಳಗಿಂದ ಕಟ್ಟಿದರೆ ಜಾಸ್ತಿ ಬೀಳುತ್ತೆ. ಸ್ಪಾಟಿಫೈ ಸಾಕು ಅನ್ನೋವರು 2021 ನೆನಪಿಸ್ಕೊಳ್ಳಲಿ. ಫೆಬ್ರವರಿಯಲ್ಲಿ ಇಲ್ಲಿಗೆ ಬಂತು, ಮಾರ್ಚ್ 1ಕ್ಕೆ ಕಕಾವೊ ಅನ್ನೋ ಇಲ್ಲಿನ ಕಂಪನಿ ವಿತರಿಸೋ ಹಾಡುಗಳೆಲ್ಲ ಮಾಯ, 11ನೇ ತಾರೀಕು ವಾಪಸ್. ಆ ಹತ್ತು ದಿನ ಎಷ್ಟೋ ಜನರ ಹಾಡಿನ ಪಟ್ಟಿ ಅರ್ಧ ಬೂದಿ ಬಣ್ಣಕ್ಕೆ ತಿರುಗಿತ್ತು.

ಹೊಂಗ್‌ದೆ_ಹಳಬ: ಹತ್ತು ದಿನದ ಹಳೇ ಕಥೆ ಹಿಡಿದು ಯಾಕೆ ಹೆದರಿಸ್ತೀರ ಗೌಡ್ರೆ? ಚಾರ್ಟ್‌ನ ಮೊದಲ ನೂರು ಹಾಡು ಕೇಳಿದವರಿಗೆ ಬ್ಯಾಂಡ್ ಸಿಗಲ್ಲ. ಕೇಳೋಕೆ ದುಡ್ಡೂ ಬೇಕಿಲ್ಲ. ಇಲ್ಲಿನ ಇಂಟರ್ನೆಟ್ ಕಂಪನಿ ನೇವರ್‌ನ ‘ಆನ್‌ಸ್ಟೇಜ್’ 2010ರಿಂದ 2023ರವರೆಗೆ ಚಿತ್ರೀಕರಿಸಿದ ವಿಡಿಯೊಗಳನ್ನ ಯೂಟ್ಯೂಬ್‌ನಲ್ಲಿ ನೋಡಿ. ಇಬಿಎಸ್ ಟಿವಿಯ ಸಂಗೀತ ಕಾರ್ಯಕ್ರಮ ‘ಸ್ಪೇಸ್ ಗೊಂಗ್ಗಾಮ್’ 2004ರಿಂದ ನಡೀತಿದೆ, ಪ್ರೇಕ್ಷಕರಿಗೆ ಉಚಿತ, ಅರ್ಜಿ ಹಾಕಿದವರಲ್ಲಿ ಚೀಟಿ ಎತ್ತುತ್ತಾರೆ.

50,000 ವೊನ್ ಪೂರ್ತಿ ಸೋಲ್‌ನ ಹೊಂಗ್‌ದೆ ಬಡಾವಣೆಯಲ್ಲಿ ಬ್ಯಾಂಡ್‌ಗಳು ನುಡಿಸೋ ಕ್ಲಬ್‌ಗೆ ಇಡಿ. ಸಣ್ಣ ಕ್ಲಬ್ಬಿನಲ್ಲಿ ಯೆಮೆ, ಅಂದ್ರೆ ಮುಂಗಡ ಟಿಕೆಟ್, ಸಾಮಾನ್ಯವಾಗಿ 20,000ದಿಂದ 30,000. ಬಾಗಿಲಲ್ಲಿ ಕೊಂಡರೆ ಸುಮಾರು 5,000 ಹೆಚ್ಚು. ಪ್ರಕಟಣೆ ಬರೋದು ಕ್ಲಬ್ಬಿನ ಇನ್‌ಸ್ಟಾಗ್ರಾಮ್‌ನಲ್ಲಿ. ಫಾರ್ಮ್ ತುಂಬಿ, ಕೊಟ್ಟ ಖಾತೆಗೆ ಹಣ ಹಾಕಬೇಕು. ವಿದೇಶಿಯರು ಎಡವೋದು ಇಲ್ಲೇ. ನಮ್ಮ ಬ್ಯಾಂಕ್ ಖಾತೆಯ ಇಂಗ್ಲಿಷ್ ಹೆಸರು ಅವರ ಪಾಸ್‌ಬುಕ್‌ನಲ್ಲಿ ಅರ್ಧಕ್ಕೆ ಕತ್ತರಿಸಿ ಬೀಳುತ್ತೆ, ಯಾರ ಹಣ ಅಂತ ಗೊತ್ತಾಗದೆ ಬುಕಿಂಗ್ ರದ್ದು. ಹಣ ಕಳಿಸೋ ಪರದೆಯಲ್ಲಿ ‘ಪಡೆಯುವವರ ಪುಸ್ತಕದಲ್ಲಿ ಕಾಣುವ ಹೆಸರು’ ಅಂತ ಒಂದು ಖಾನೆ ಇದೆ. ಅದನ್ನ ಅಳಿಸಿ, ಫಾರ್ಮಿನಲ್ಲಿ ಕೊಟ್ಟ ಹೆಸರು ಮತ್ತು ಫೋನಿನ ಕೊನೆಯ ನಾಲ್ಕು ಅಂಕಿ ಹಾಕಿ.

ನಿಂತು ನೋಡೋ ಕಾರ್ಯಕ್ರಮಕ್ಕೆ ಪ್ರವೇಶ ಸಂಖ್ಯೆ ಇರುತ್ತೆ. ಕೂಗಿದಾಗ ಇಲ್ಲದಿದ್ದರೆ ನಿಮ್ಮ ಸರದಿ ಹೋಯ್ತು, ಸಾಲಿನ ಕೊನೆಗೆ ಸೇರಬೇಕು. ಕಿವಿಗೆ ಪ್ಲಗ್ ಹಾಕಲೇಬೇಕು. ನೆಲಮಾಳಿಗೆ ಕ್ಲಬ್ಬಿನ ಸೂರು ತಗ್ಗು, ಸ್ಪೀಕರ್ ಮುಖದ ಮುಂದೆ. ಅಗ್ಗದ ಸಾಮಾನಿನ ಅಂಗಡಿ ಡೈಸೊದಲ್ಲಿ 5,000 ಒಳಗೇ ಸಿಗುತ್ತೆ. ವಾಪಸ್ ಬರೋಕೆ ಹೊಂಗ್‌ದೆಯಿಂದ ಮೆಟ್ರೊ 2ನೇ ಲೈನ್‌ನಲ್ಲೇ ಸಾದಾಂಗ್, ಅಲ್ಲಿಂದ ಸುವೊನ್ ಸ್ಟೇಷನ್‌ಗೆ 7770 ಕೆಂಪು ಬಸ್. ತಡರಾತ್ರಿಯೂ ಓಡುತ್ತೆ. ಮೆಟ್ರೊ ಮಾತ್ರ ತಪ್ಪಿಸ್ಕೋಬೇಡಿ.

ಜಾಮ್‌ಸಿಲ್_ಅಕ್ಕ: ‘ಚಾರ್ಟ್ ಕೇಳಿದವರಿಗೆ ಸಂಗೀತ ಗೊತ್ತಿಲ್ಲ’ ಅನ್ನೋ ಧಾಟಿ ನಿಲ್ಲಿಸಿ. ಐಡಲ್ ಗುಂಪಿನ ಸಂಗೀತ ಕಾರ್ಯಕ್ರಮಕ್ಕೆ ಹೋಗೋದು ನಿಮ್ಮ ಕ್ಲಬ್ಬಿಗಿಂತ ಹತ್ತು ಪಟ್ಟು ಕಷ್ಟದ ಕೆಲಸ. ಸಾಮಾನ್ಯ ಸೀಟು 154,000, ವಿಐಪಿ 198,000, ಈಚೆಗೆ ಇದು ಮಾಮೂಲಿ ದರ. ಫ್ಯಾನ್‌ಕ್ಲಬ್ ಸದಸ್ಯರಿಗೆ ಮೊದಲ ಬುಕಿಂಗ್. ಆದರೆ ಸದಸ್ಯತ್ವ ಕೊಂಡರೆ ಮುಗೀಲಿಲ್ಲ, ಟಿಕೆಟ್ ಸೈಟಿನಲ್ಲಿ ನಿಗದಿತ ದಿನಗಳೊಳಗೆ ಅದನ್ನ ಬೇರೆಯಾಗಿ ದೃಢೀಕರಿಸಬೇಕು. ಆ ಗಡುವು ದಾಟಿದರೆ ಸದಸ್ಯತ್ವದ ಹಣ ನೀರಿಗೆ. ಸದಸ್ಯತ್ವದ ಹೆಸರು, ಟಿಕೆಟ್ ಹೆಸರು, ನೋಂದಣಿ ಕಾರ್ಡಿನ ಹೆಸರು ಮೂರೂ ಒಂದೇ ಇರಬೇಕು. ಬಾಗಿಲಲ್ಲಿ ನೋಡಿಯೇ ಬಿಡ್ತಾರೆ.

ಸೀಟು ಸಿಗದಿದ್ದರೆ ಆಸೆ ಬಿಡಬೇಡಿ. ಬ್ಯಾಂಕ್ ಜಮೆ ಅಂತ ಹಿಡಿದು ಹಣ ಕಟ್ಟದವರ ಸೀಟು ಮರುದಿನ ಮಧ್ಯರಾತ್ರಿ ದಾಟಿದ ಮೇಲೆ ಬಿಡುಗಡೆ ಆಗುತ್ತೆ, ಬೆಳಗಿನ ಜಾವ 2 ಗಂಟೆ ಸುಮಾರಿಗೆ ನೋಡಿ. ರದ್ದತಿ ಲೆಕ್ಕವೂ ತಿಳ್ಕೊಳ್ಳಿ: ಕಾರ್ಯಕ್ರಮಕ್ಕೆ 9ರಿಂದ 7 ದಿನ ಮೊದಲಾದರೆ 10%, 6ರಿಂದ 3 ದಿನ ಇದ್ದರೆ 20%, ಕೊನೆಯ ಎರಡು ದಿನ 30% ಕಡಿತ. ಅಭಿಮಾನಿಗಳು ಕೈಯಲ್ಲಿ ಹಿಡಿಯೋ ದೀಪ, ಲೈಟ್‌ಸ್ಟಿಕ್, ಕೊಂಡರೆ ಬ್ಯಾಟರಿ ಹೊಸದು ಹಾಕಿ, ಬ್ಲೂಟೂತ್‌ನಲ್ಲಿ ಸೀಟ್ ನಂಬರಿಗೆ ಜೋಡಿಸಿ. ಜೋಡಿಸದಿದ್ದರೆ ಇಡೀ ಸ್ಟೇಡಿಯಂ ನೀಲಿಯಾದಾಗ ನಿಮ್ಮದೊಂದು ಬೇರೆ ಬಣ್ಣ.

ಹೊಂಗ್‌ದೆ_ಹಳಬ: ಅವರು ಕೇಳಿದ್ದು ಗಿಟಾರ್ ಬ್ಯಾಂಡ್, 50,000 ವೊನ್. ನೀವು ಹೇಳ್ತಿರೋದು ಎರಡು ಲಕ್ಷದ ಲೆಕ್ಕ. 1994ರಲ್ಲಿ ಹೊಂಗ್‌ದೆಯಲ್ಲಿ ಡ್ರಗ್ ಅನ್ನೋ ಕ್ಲಬ್ ಶುರುವಾಯ್ತು. 1996ರಲ್ಲಿ ಅಲ್ಲಿ ನುಡಿಸ್ತಿದ್ದ ಕ್ರೈಯಿಂಗ್ ನಟ್ ಬ್ಯಾಂಡಿನವರು ಯೆಲ್ಲೊ ಕಿಚನ್ ಬ್ಯಾಂಡ್ ಜೊತೆ ಸೇರಿ ಸ್ವಂತ ಆಲ್ಬಂ ತಂದಾಗ ಯಾವ ದೊಡ್ಡ ಕಂಪನಿಯೂ ಹಿಂದಿರಲಿಲ್ಲ. ಇಂಡಿ ಅಂದರೆ ಅದು.

ಜಾಮ್‌ಸಿಲ್_ಅಕ್ಕ: ಹಾಗಾದರೆ ಹ್ಯೊಕೊ ಬ್ಯಾಂಡ್? 2014ರಲ್ಲಿ ಶುರು, 2015ರಲ್ಲಿ ದೊಡ್ಡ ಕಂಪನಿಯ ಅಂಗಸಂಸ್ಥೆಗೆ ಸೇರಿದ್ರು. ಆ ದಿನದಿಂದ ಅವರ ಗಿಟಾರ್ ಕೆಟ್ಟುಹೋಯ್ತಾ? ಯಾರು ದುಡ್ಡು ಹಾಕಿದ್ರು ಅನ್ನೋದರ ಮೇಲೆ ಹಾಡಿಗೆ ಜಾತಿ ಕಟ್ಟಬೇಡಿ.

ದೇಜನ್_ದೇಸಾಯಿ: ನೀವಿಬ್ಬರೂ ಹೊಸಾದರ ಹಿಂದ ಬಿದ್ದೀರಿ. ಇಲ್ಲಿನ ಹಿರಿಯ ರಾಕ್ ಗಿಟಾರ್ ವಾದಕ ಶಿನ್ ಜುಂಗ್-ಹ್ಯೊನ್ ಅವರ ಹಾಡು 1975ರಾಗ ಸರ್ಕಾರ ನಿಷೇಧ ಮಾಡಿತು. ಸಾನುಲ್ಲಿಮ್ ಅನ್ನೂ ಮೂರು ಮಂದಿ ಅಣ್ಣತಮ್ಮಂದಿರ ಬ್ಯಾಂಡ್ 1977ರಾಗ ಮೊದಲ ರೆಕಾರ್ಡ್ ತಂತು. ಈಗಿನವರ ಗಿಟಾರಿನ ಬೇರು ಅಲ್ಲೇ ಅದ. ಸೋಲ್‌ನ ಹ್ವೆಹ್ಯೊನ್ ಸ್ಟೇಷನ್ ಕೆಳಗಿನ ಬಜಾರದಾಗ ಹಳೇ ಎಲ್‌ಪಿ, ಅಂದ್ರ ಗ್ರಾಮಫೋನ್ ತಟ್ಟೆ, ಮಾರೂ ಅಂಗಡಿ ಸಾಲಾಗಿ ಅದಾವ. ತಟ್ಟೆ ದೀಪಕ್ಕ ಓರೆ ಹಿಡದು ನೋಡ್ರಿ. ಸಣ್ಣ ಕೂದಲೆಳೆ ಗೆರಿ ಇದ್ರ ನಡೀತದ, ಉಗುರಿಗೆ ತಾಗೂ ಗೆರಿ ಇದ್ರ ಬ್ಯಾಡ. 1980ರ ದಶಕದ ರೆಕಾರ್ಡಿನ ಕೊನೀಗೆ ಸಂಬಂಧನ ಇಲ್ಲದ ದೇಶಭಕ್ತಿ ಧಾಟಿ ಹಾಡು ಬಂತಂದ್ರ ತಪ್ಪು ತಟ್ಟೆ ಕೊಟ್ರು ಅಂತ ಜಗಳಾಡಬ್ಯಾಡ್ರಿ. ಆಗ ಒಂದು ‘ಗೊನ್‌ಜೊನ್ ಗಾಯೊ’, ಸದಭಿರುಚಿ ಗೀತೆ, ಸೇರಸಲೇಬೇಕಿತ್ತು. ‘ಪೆಕ್‌ಪಾನ್’ ಅಂದ್ರ ಕಳ್ಳ ಅಚ್ಚು, ಅದರಾಗ ಧ್ವನಿ ಹುಡುಕಬ್ಯಾಡ್ರಿ. ನನಗ ದೇಜನ್‌ನಿಂದ ಕೆಟಿಎಕ್ಸ್ ವೇಗದ ರೈಲಿಗೆ ಒಂದು ಕಡೀಗೇ 23,700 ವೊನ್, ಅದಕ್ಕ ಕೊಳ್ಳೂ ಮೊದಲ ಸೂಜಿ ಇಡಿಸಿ ಕೇಳೇ ಬರ್ತೀನಿ.

ಯೊಂಗ್‌ತೊಂಗ್_ಗೌಡ: ದೇಸಾಯರೆ, ಪ್ಲೇಯರ್ ಇಲ್ಲದವರಿಗೆ ಎಲ್‌ಪಿ ಕೊಳ್ಳಿ ಅಂತೀರಲ್ಲ! ಪ್ಲೇಯರ್, ಆಂಪ್, ಸ್ಪೀಕರ್ ಸೇರಿದರೆ ಅವರ ಒಂದು ವರ್ಷದ ದುಡ್ಡು ಖಾಲಿ. ಸಾನುಲ್ಲಿಮ್ ಆ್ಯಪಿನಲ್ಲೇ ಇದ್ದಾರೆ.

ದೇಜನ್_ದೇಸಾಯಿ: ಆ್ಯಪಿನಾಗ ಇರೋದು ಮತ್ತ ತಿದ್ದಿದ ಧ್ವನಿ. ಕೇಳಿ ನೋಡಿ ಮಾತಾಡ್ರಿ.

ಪೆಂಟಾಪೋರ್ಟ್_ಪ್ರಿಯ: ಯಾರೂ ಹೇಳದ ದಾರಿ: ಆಗಸ್ಟ್‌ನ ಇಂಚೊನ್ ಪೆಂಟಾಪೋರ್ಟ್ ರಾಕ್ ಉತ್ಸವ, 2006ರಿಂದ ಇದೆ. ಒಂದೇ ದಿನದಲ್ಲಿ ಹತ್ತಾರು ಬ್ಯಾಂಡ್. ಇಂಚೊನ್ 1ನೇ ಲೈನ್‌ನ ಕೊನೆಯ ಸ್ಟೇಷನ್, ಸೊಂಗ್‌ದೊ ಬೆಳದಿಂಗಳ ಉತ್ಸವ ಪಾರ್ಕ್, ಅಲ್ಲೇ ಇಳಿಯಿರಿ. ಅದರ ಮೊದಲ ರೂಪ ಟ್ರೈಪೋರ್ಟ್ 1999ರಲ್ಲಿ ಮಳೆಗೆ ಕೊಚ್ಚಿಹೋಗಿತ್ತು, ಇವತ್ತಿಗೂ ಮಳೆ ಬರುತ್ತೆ. ಕೊಡೆ ಬಿಡಿಸಿದರೆ ಹಿಂದಿನವರಿಗೆ ಕಾಣಲ್ಲ, ರೇನ್‌ಕೋಟ್ ತನ್ನಿ. ಇನ್ನೊಂದು, ಬ್ಯಾಂಡಿನ ಕೊರಿಯನ್ ಹೆಸರು ಕಲೀರಿ. ಉದಾಹರಣೆಗೆ, ಬ್ಲ್ಯಾಕ್ ಸ್ಕರ್ಟ್ಸ್ ಬ್ಯಾಂಡನ್ನ ಇಂಗ್ಲಿಷ್ ಹೆಸರಲ್ಲಿ ಹುಡುಕಿದರೆ ಟಿಕೆಟ್ ಸೈಟಿನಲ್ಲಿ ಸಿಗದೆ ಹೋಗಬಹುದು, ಗೊಮ್‌ಜೊಂಗ್ ಚಿಮಾ ಅಂತ ಹಂಗುಲ್, ಅಂದ್ರೆ ಕೊರಿಯನ್ ಲಿಪಿಯಲ್ಲಿ ಹಾಕಿ.

ಹೊಂಗ್‌ದೆ_ಹಳಬ: ಬಿಸಿಲಲ್ಲಿ ನೂರು ಮೀಟರ್ ದೂರದಿಂದ ಪರದೆ ನೋಡೋದು ಸಂಗೀತ ಕೇಳಿದ ಹಾಗಲ್ಲ.

ಪೆಂಟಾಪೋರ್ಟ್_ಪ್ರಿಯ: ಮುಂದೆ ನಿಲ್ಲೋಕೆ ಬೇಗ ಬರಬೇಕು ಅಷ್ಟೇ. ಕ್ಲಬ್ಬಿನಲ್ಲಿ ಕಂಬದ ಹಿಂದೆ ನಿಂತರೆ ಏನು ಕಾಣುತ್ತೆ ಹೇಳಿ.

ಹೊಸಬ_ಸುವೊನ್: ಫೋನ್ ಅಂಗಡಿಗೆ ಹೋಗಿದ್ದೆ. ಅವರ ದಾಖಲೆಯಲ್ಲಿ ನನ್ನ ಮೂರು ಹೆಸರೂ ಜಾಗ ಬಿಡದೆ ಒಂದೇ ಸಾಲು, ಕೊನೆಯ ನಾಲ್ಕಕ್ಷರ ಇಲ್ಲವೇ ಇಲ್ಲ. ಈಗ ಕತ್ತರಿಸಿದ್ದನ್ನೇ ಹಾಕ್ಬೇಕಾ?

ಯೊಂಗ್‌ತೊಂಗ್_ಗೌಡ: ಆ್ಯಪಿಗೆ ಕತ್ತರಿಸಿದ್ದೇ ಸಾಕು, ಹಾಗೇ ಹಾಕಿ. ಆದರೆ ಅಕ್ಕ ಹೇಳಿದ ಥರ ಬಾಗಿಲಲ್ಲಿ ಕಾರ್ಡ್ ನೋಡೋ ಕಾರ್ಯಕ್ರಮಕ್ಕೆ ಹೋಗೋದಿದ್ದರೆ ಆ ನಾಲ್ಕಕ್ಷರ ತೊಂದರೆ ಕೊಡುತ್ತೆ. ಕಾರ್ಡ್ ತಗೊಂಡು ಮತ್ತೆ ಅಂಗಡಿಗೆ ಹೋಗಿ ತಿದ್ದಿಸಲಿಕ್ಕೆ ಆಗುತ್ತಾ ಕೇಳಿ.

ಹೊಂಗ್‌ದೆ_ಹಳಬ: ಕ್ಲಬ್ಬಿನ ಫಾರ್ಮಿಗೆ ಕರೆಯೋ ಹೆಸರು ಒಂದೇ ಸಾಕು.