ಹಳೆಯ ಮಾದರಿಯ ಪ್ಯಾಡಲ್ ಬೋರ್ಡ್ ನಿಂತುಹೋಗುತ್ತಿದೆ: ಉಳಿದಿರುವುದನ್ನೇ ಕೊಳ್ಳಬಹುದೇ?

ನಂದಿನಿತೀರ

ನಮಸ್ಕಾರ. ನಮ್ಮ ಮನೆ ಹಳೆಯಂಗಡಿಯ ಸಮೀಪ, ನಂದಿನಿ ನದಿಯ ದಂಡೆಗೆ ಐದು ನಿಮಿಷದ ನಡಿಗೆಯ ದೂರದಲ್ಲಿದೆ. ಎರಡು ಬೇಸಿಗೆ ಬಾಡಿಗೆಯ ಬೋರ್ಡಿನ ಮೇಲೆ ನಿಂತು ಹುಟ್ಟು ಹಾಕುವುದನ್ನು ಕಲಿತಿದ್ದೇನೆ. ಬೀಳುವುದು ಪೂರ್ತಿ ನಿಂತಿಲ್ಲವಾದರೂ ಬಿದ್ದ ಮೇಲೆ ಮತ್ತೆ ಹತ್ತುವುದು ಚೆನ್ನಾಗಿ ಬಂದಿದೆ. ಸ್ವಂತದ್ದೊಂದನ್ನು ಕೊಳ್ಳೋಣವೆಂದು ಹೊರಟರೆ, ನಾನು ಕಲಿತಿದ್ದ ಮಾದರಿಯೇ ಈಗ ತಯಾರಾಗುತ್ತಿಲ್ಲವೆಂದು ತಿಳಿಯಿತು.

ಮಂಗಳೂರಿನ ಅಂಗಡಿಯೊಂದರಲ್ಲಿ ಆ ಹಳೆಯ ಮಾದರಿಯ ಒಂದೇ ಒಂದು ಬೋರ್ಡ್ ಪೆಟ್ಟಿಗೆ ಒಡೆಯದೆ ಉಳಿದಿದೆ. ಗಾಳಿ ತುಂಬುವ ಬೋರ್ಡ್. ಉದ್ದ 10 ಅಡಿ 6 ಇಂಚು, ಅಗಲ 32 ಇಂಚು, ದಪ್ಪ 6 ಇಂಚು. ಅದರ ಜಾಗಕ್ಕೆ ಬಂದಿರುವ ಹೊಸದು 10 ಅಡಿ 8 ಇಂಚು ಉದ್ದ, 34 ಇಂಚು ಅಗಲ, ದಪ್ಪ ಅಷ್ಟೇ. ಹಳೆಯದು ಹೊಸದಕ್ಕಿಂತ ಸುಮಾರು 14,000 ರೂಪಾಯಿ ಕಡಿಮೆಗೆ ಸಿಗುತ್ತದೆ. ಆದರೆ "ನಾಳೆ ಬಿಡಿಭಾಗ ಸಿಗದಿದ್ದರೆ ನಮ್ಮನ್ನು ಕೇಳಬೇಡಿ" ಎಂದು ಅಂಗಡಿಯವರು ಮೊದಲೇ ಹೇಳಿಬಿಟ್ಟಿದ್ದಾರೆ.

ನನ್ನ ತೂಕ 76 ಕಿಲೋ, ಎತ್ತರ 5 ಅಡಿ 7 ಇಂಚು. ಒಮ್ಮೊಮ್ಮೆ 22 ಕಿಲೋ ತೂಗುವ ಮಗಳು ಮುಂದೆ ಕುಳಿತಿರುತ್ತಾಳೆ. ಹೆಂಡತಿಯೂ ಬಳಸುತ್ತಾಳೆ, ಅವಳ ಎತ್ತರ 5 ಅಡಿ 1 ಇಂಚು. ನಾವು ಹೋಗುವುದು ಹೆಚ್ಚಾಗಿ ನದಿಯಲ್ಲಿ ಮತ್ತು ಕಾಂಡ್ಲಾ ಗಿಡಗಳ ನಡುವಿನ ಹಿನ್ನೀರಿನಲ್ಲಿ. ಅಲೆ ಇಲ್ಲದ ದಿನ ಮಾತ್ರ ಸಸಿಹಿತ್ಲುವಿನ ಅಳಿವೆಯ ಒಳಮಗ್ಗುಲಿನವರೆಗೆ. ಹಳೆಯದನ್ನೇ ಕೊಳ್ಳಬಹುದೇ ಅಥವಾ ಹೊಸದಕ್ಕೆ ಹಣ ಹಾಕುವುದು ಲೇಸೇ?

ಕುದ್ರುವಾಸಿ

ನಮಸ್ಕಾರ. ಮಾದರಿ ನಿಂತಿತೆಂದ ಮಾತ್ರಕ್ಕೆ ಬೋರ್ಡ್ ಕೆಟ್ಟದ್ದಾಗುವುದಿಲ್ಲ. ಈ ಉದ್ಯಮದಲ್ಲಿ ಬಣ್ಣ ಬದಲಾದರೂ ಹೊಸ ಮಾದರಿಯೇ, ಚೀಲದ ಚಕ್ರ ಬದಲಾದರೂ ಹೊಸ ಮಾದರಿಯೇ. ಕೆಲವೊಮ್ಮೆ ಬೋರ್ಡ್ ಹಾಗೆಯೇ ಇದ್ದು ಹೆಸರಷ್ಟೇ ಹೋಗುತ್ತದೆ. 2024ರಲ್ಲಿ ಡೆಕಾಥ್ಲಾನ್ ತನ್ನ ಹಲವಾರು ಒಳಬ್ರ್ಯಾಂಡುಗಳನ್ನು ಕೈಬಿಟ್ಟು ಕೆಲವನ್ನಷ್ಟೇ ಉಳಿಸಿಕೊಂಡದ್ದು ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಹಾಗಾಗಿ ಹೆಸರನ್ನು ಬದಿಗಿಟ್ಟು ಅಳತೆಯನ್ನೂ ಬಿಡಿಭಾಗವನ್ನೂ ನೋಡಿ.

ಅಳತೆಯ ಮಟ್ಟಿಗೆ ಹೇಳುವುದಾದರೆ, ಆಲ್‌ರೌಂಡ್ ಎಂದು ಕರೆಯುವ, ಎಲ್ಲ ಬಗೆಯ ಬಳಕೆಗೂ ಒಗ್ಗುವ ಬೋರ್ಡಿಗೆ 10 ಅಡಿ 6 ಇಂಚು ಉದ್ದ ಮತ್ತು 32 ಇಂಚು ಅಗಲ ಬಹುಮಟ್ಟಿಗೆ ರೂಢಿಯ ಅಳತೆ. ರೆಡ್ ಪ್ಯಾಡಲ್ ಕಂಪನಿಯ ಹೆಸರಾಂತ "ರೈಡ್" ಬೋರ್ಡಿನದೂ ಇದೇ. ಇನ್ನೆರಡು ಇಂಚು ಅಗಲ ಸಿಕ್ಕರೆ ನಿಲುವು ಇನ್ನಷ್ಟು ಭದ್ರವೆಂಬುದು ನಿಜ. ಆದರೆ ನಿಮ್ಮ ಮನೆಯವರ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಹುಟ್ಟಿನ ಕೋಲು ನೀರಿಗೆ ಆದಷ್ಟೂ ನೆಟ್ಟಗೆ, ಬೋರ್ಡಿನ ಅಂಚಿಗೆ ತಾಗುವಷ್ಟು ಹತ್ತಿರದಲ್ಲಿ ಇಳಿದರೆ ಬೋರ್ಡ್ ನೇರವಾಗಿ ಹೋಗುತ್ತದೆ. ಕುಳ್ಳಗಿರುವವರು ಅಗಲವಾದ ಬೋರ್ಡಿನ ಮೇಲೆ ನಿಂತಾಗ ಕೈ ಹೊರಕ್ಕೆ ಚಾಚಬೇಕಾಗಿ ಕೋಲು ಓರೆಯಾಗುತ್ತದೆ. ಆಗ ಪ್ರತಿ ಎಳೆತಕ್ಕೂ ಮೂತಿ ಆಚೆಗೆ ತಿರುಗುವುದರಿಂದ ಎರಡು ಎಳೆತಕ್ಕೊಮ್ಮೆ ಬದಿ ಬದಲಿಸುತ್ತಾ ಹಾವಿನ ಹಾಗೆ ಹೋಗಬೇಕಾಗುತ್ತದೆ. ಇಬ್ಬರಿಗೂ ಹೊಂದುವುದು 32 ಇಂಚೇ.

ಭಾರದ ಬಗ್ಗೆ ಒಂದು ಮಾತು. ಚೀಟಿಯಲ್ಲಿ ಬರೆದ ಗರಿಷ್ಠ ಭಾರವೆಂದರೆ ಬೋರ್ಡ್ ತೇಲುವ ಭಾರ. ಅಷ್ಟು ಹೊತ್ತುಕೊಂಡು ಅದು ಸುಖವಾಗಿ ಸಾಗುತ್ತದೆ ಎಂದಲ್ಲ. ನಾನು ಅದರ ಮೂರರಲ್ಲಿ ಎರಡು ಪಾಲನ್ನಷ್ಟೇ ನಂಬುತ್ತೇನೆ. ಚೀಟಿಯಲ್ಲಿ 150 ಕಿಲೋ ಎಂದಿದ್ದರೆ ನೀವೂ ಮಗಳೂ ಸೇರಿ ಸರಿಯಾಗಿ ಅಂಚಿನಲ್ಲಿದ್ದೀರಿ. ಅವಳು ಮುಂದೆ ಕುಳಿತಾಗ ನೀವು ಅರ್ಧ ಹೆಜ್ಜೆ ಹಿಂದೆ ನಿಂತರೆ ಮೂತಿ ನೀರಿಗೆ ಕುಕ್ಕುವುದಿಲ್ಲ.

ಇನ್ನು ಅಂಗಡಿಯವರು ಹೆದರಿಸಿದ ಬಿಡಿಭಾಗದ ವಿಚಾರ. ಇಂಥ ಬೋರ್ಡಿನಲ್ಲಿ ಹಾಳಾಗುವ ಅಥವಾ ಕಳೆದುಹೋಗುವ ವಸ್ತುಗಳು ಮೂರೇ: ಫಿನ್ (ಬೋರ್ಡ್ ನೇರ ಸಾಗಲು ತಳಕ್ಕೆ ಸಿಕ್ಕಿಸುವ ರೆಕ್ಕೆ), ವಾಲ್ವ್ (ಗಾಳಿ ತುಂಬುವ ಬಾಯಿ), ಹುಟ್ಟು. ಹುಟ್ಟು ಯಾವ ಕಂಪನಿಯದಾದರೂ ನಡೆಯುತ್ತದೆ. ವಾಲ್ವ್ ಹಾಲ್ಕೀ ರಾಬರ್ಟ್ಸ್ ಮಾದರಿಯದಾದರೆ ಅದರ ಪಂಪು, ಬಿಗಿಮಾಡುವ ಪ್ಲಾಸ್ಟಿಕ್ ಕೀಲಿ, ಬದಲಿ ವಾಲ್ವ್ ಎಲ್ಲವೂ ಬೇರೆ ಕಂಪನಿಯವು ಸರಿಹೊಂದುತ್ತವೆ. ಬೋರ್ಡನ್ನು ಮಗುಚಿ ಫಿನ್ ಕೂರುವ ಜಾಗವನ್ನು ನೋಡಿ. ಉದ್ದನೆಯ ಸೀಳು, ಅದರೊಳಗೆ ಜಾರುವ ಚಿಕ್ಕ ಲೋಹದ ಬಿಲ್ಲೆ, ಒಂದು ಸ್ಕ್ರೂ ಇದ್ದರೆ ಅದು ಯು.ಎಸ್. ಬಾಕ್ಸ್, ಸರ್ಫ್ ಬೋರ್ಡ್ ಮಾರುವವರ ಬಳಿಯೆಲ್ಲ ಅದಕ್ಕೆ ಹೊಂದುವ ಫಿನ್ ಇರುತ್ತದೆ. ಅದರ ಬದಲು ಆ ಕಂಪನಿಯದೇ ಆದ ಪ್ಲಾಸ್ಟಿಕ್ ಕ್ಲಿಪ್ಪಿದ್ದರೆ 14,000 ಉಳಿಯುತ್ತದೆಂದು ಆಸೆಪಡಬೇಡಿ. ಮಾದರಿಯೊಂದಿಗೆ ಆ ಫಿನ್ನೂ ನಿಂತುಹೋಗುತ್ತದೆ, ಫಿನ್ ಇಲ್ಲದ ಬೋರ್ಡ್ ನಡುನೀರಿನಲ್ಲಿ ಬುಗುರಿಯಾಗುತ್ತದೆ.

ಉಪ್ಪುನೀರು

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಅವರು ಹೇಳದೆ ಬಿಟ್ಟದ್ದೊಂದಿದೆ: ಅಂಟು. ಗಾಳಿ ತುಂಬುವ ಬೋರ್ಡಿನ ಒಳಗೆ ಮೇಲಿನ ಪದರವನ್ನೂ ಕೆಳಗಿನ ಪದರವನ್ನೂ ಸಾವಿರಾರು ನೂಲುಗಳು ಹಿಡಿದಿರುತ್ತವೆ. ಡ್ರಾಪ್ ಸ್ಟಿಚ್ ಎಂದರೆ ಇದೇ. ಅಷ್ಟು ಒತ್ತಡ ತುಂಬಿದರೂ ಅದು ಟ್ಯೂಬಿನಂತೆ ಉಬ್ಬದೆ ಹಲಗೆಯಂತೆ ಚಪ್ಪಟೆಯಾಗಿ ನಿಲ್ಲುವುದು ಈ ನೂಲುಗಳ ದೆಸೆಯಿಂದ. ನೂಲು ಸಾಮಾನ್ಯವಾಗಿ ಕೆಡುವುದಿಲ್ಲ. ಕೆಡುವುದು ಸುತ್ತಲಿನ ಅಂಚಿನ ಪಟ್ಟಿಯ ಅಂಟು. ಹಳೆಯ ಬೋರ್ಡುಗಳಲ್ಲಿ ಈ ಪಟ್ಟಿಯನ್ನು ಕೈಯಿಂದ ಅಂಟಿಸುವುದೇ ಹೆಚ್ಚು. ಈಚಿನ ಹಲವು ಬೋರ್ಡುಗಳಲ್ಲಿ ಬಿಸಿಯಿಂದ ಬೆಸೆಯುತ್ತಾರೆ. ಅಂಟಿಸಿದ್ದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಕರಾವಳಿಯ ಸೆಕೆಗೂ ಮಳೆಗಾಲದ ತೇವಕ್ಕೂ ಸಿಕ್ಕಿ ಗೋದಾಮಿನಲ್ಲಿ ಮೂರು ವರ್ಷ ಮಡಚಿಕೊಂಡು ಬಿದ್ದಿದ್ದರೆ, ಪೆಟ್ಟಿಗೆ ಒಡೆಯದ ಬೋರ್ಡೂ ಹೊಸದಲ್ಲ.

ಆದ್ದರಿಂದ ತಯಾರಿಯ ತಿಂಗಳನ್ನು ಕೇಳಿ, ಮತ್ತು ಅಂಗಡಿಯಲ್ಲೇ ಬಿಚ್ಚಿಸಿ ಗಾಳಿ ತುಂಬಿಸಿ. ಬೋರ್ಡಿನ ಮೇಲೆ ಬರೆದಿರುವ ಒತ್ತಡಕ್ಕೆ, ಸಾಮಾನ್ಯವಾಗಿ 15 ಪಿಎಸ್‌ಐಗೆ, ತಂದು ಒಂದು ದಿನ ಹಾಗೆಯೇ ಬಿಡಿ. ಮರುದಿನ ಅದೇ ಹೊತ್ತಿಗೆ ಅಳೆಯುವುದು ಮುಖ್ಯ, ಏಕೆಂದರೆ ನಡುಮಧ್ಯಾಹ್ನ ತುಂಬಿ ಮುಂಜಾನೆ ಅಳೆದರೆ ಸೋರಿಕೆ ಇಲ್ಲದೆಯೂ ಅರ್ಧ ಪಿಎಸ್‌ಐ ಇಳಿದಿರುತ್ತದೆ. ಅಂಚಿನ ಪಟ್ಟಿಯ ಉದ್ದಕ್ಕೂ, ಹಗ್ಗ ಕಟ್ಟುವ ಬಳೆಗಳ ಬುಡಕ್ಕೂ, ವಾಲ್ವಿನ ಸುತ್ತಲೂ ಸೋಪಿನ ನೀರು ಸವರಿ. ಗುಳ್ಳೆ ವಾಲ್ವಿನ ಬಳಿ ಎದ್ದರೆ ಕೀಲಿಯಿಂದ ಬಿಗಿ ಮಾಡಿದರಾಯಿತು. ಅಂಚಿನ ಪಟ್ಟಿಯಲ್ಲಿ ಎದ್ದರೆ ನಮಸ್ಕಾರ ಹೇಳಿ ಹೊರಗೆ ಬನ್ನಿ.

ಬಿಗಿತವನ್ನೂ ಅಲ್ಲೇ ಪರೀಕ್ಷಿಸಬಹುದು. ಎರಡು ತುದಿಗಳನ್ನು ಎರಡು ಬೆಂಚಿನ ಮೇಲಿಟ್ಟು ನಡುವೆ ನೀವು ಕುಳಿತುಕೊಳ್ಳಿ, ಎಷ್ಟು ಬಾಗಿತೆಂದು ಇನ್ನೊಬ್ಬರು ನೋಡಲಿ. ಹೊಸದನ್ನೂ ಪಕ್ಕದಲ್ಲಿ ಹಾಗೆಯೇ ನೋಡಿದರೆ ಮಾರುವವರ ವರ್ಣನೆ ಬೇಕಾಗುವುದಿಲ್ಲ.

ನನ್ನ ತಪ್ಪೊಂದನ್ನೂ ಹೇಳುತ್ತೇನೆ. ನನ್ನ ಮೊದಲ ಬೋರ್ಡನ್ನು ಬೆಳಿಗ್ಗೆ ತಂಪಿನಲ್ಲಿ 15 ಪಿಎಸ್‌ಐಗೆ ತುಂಬಿ, ಊಟಕ್ಕೆ ಹೋಗುವಾಗ ಮರಳಿನ ಮೇಲೆ ಬಿಸಿಲಿನಲ್ಲೇ ಬಿಟ್ಟೆ. ಒಳಗಿನ ಗಾಳಿ 25 ಡಿಗ್ರಿಯಿಂದ 55 ಡಿಗ್ರಿಗೆ ಏರಿದರೆ 15 ಇದ್ದದ್ದು 18 ಆಗುತ್ತದೆ. ಕಪ್ಪು ಬಣ್ಣದ್ದಾದರೆ ಇನ್ನೂ ಮೇಲೆ. ಮರಳಿ ಬಂದಾಗ ಹಿಂಬದಿಯ ಪಟ್ಟಿ ಒಂದು ಗೇಣಿನಷ್ಟು ಎದ್ದು, ಒಣಗಿದ ಬಾಳೆಪಟ್ಟೆಯಂತೆ ಸುರುಳಿ ಸುತ್ತಿಕೊಂಡಿತ್ತು. ಅಂದಿನಿಂದ ದಡಕ್ಕೆ ಬಂದೊಡನೆ ವಾಲ್ವ್ ಒತ್ತಿ ಸ್ವಲ್ಪ ಗಾಳಿ ಬಿಡುತ್ತೇನೆ, ಇಲ್ಲವೇ ಮರದ ನೆರಳಿಗೆ ಎಳೆಯುತ್ತೇನೆ.

ಗಟ್ಟಿಹಲಗೆ

ಗಾಳಿಯ ಗೊಡವೆಯೇ ಬೇಡ, ಸರ್ಫಿಂಗ್ ಕಲಿಸುವವರು ಮಾರುವ ಹಳೆಯ ಗಟ್ಟಿ ಬೋರ್ಡನ್ನು ನೋಡಿ ಎಂಬುದು ನನ್ನ ಸಲಹೆ. ಎಪಾಕ್ಸಿ ಬೋರ್ಡ್ ನೀರಿನ ಮೇಲೆ ಜಾರುವ ಸುಖವೇ ಬೇರೆ, ಪಂಪು ಹೊಡೆಯುವ ಕೆಲಸವೂ ಇಲ್ಲ. ಆದರೆ 2024ರ ಮಾರ್ಚ್‌ನಲ್ಲಿ ಮೂಲ್ಕಿಯಲ್ಲಿ ನಡೆದ ಇಂಡಿಯಾ ಪ್ಯಾಡಲ್ ಫೆಸ್ಟಿವಲ್‌ನಲ್ಲಿ ಕಂಡ 14 ಅಡಿಯ ಕಿರಿದಾದ ರೇಸ್ ಬೋರ್ಡುಗಳಿಗೆ ಮನಸೋಲಬೇಡಿ. ಅವುಗಳ ಮೇಲೆ ಮಗುವನ್ನು ಕೂರಿಸುವ ಮಾತೇ ಇಲ್ಲ.

ಕುದ್ರುವಾಸಿ

ಗಟ್ಟಿ ಬೋರ್ಡಿನ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹತ್ತೂವರೆ ಅಡಿಯ ಹಲಗೆಯನ್ನು ಮನೆಯಲ್ಲಿ ಎಲ್ಲಿಡುವುದು ಎಂಬುದೊಂದು. ಕಲ್ಲಿಗಂಟಿದ ಮುರು ಚಿಪ್ಪಿಗೆ ಒಮ್ಮೆ ಉಜ್ಜಿದರೆ ಎಪಾಕ್ಸಿಯೊಳಗೆ ನೀರು ಸೇರಿ ಅದು ಭಾರವಾಗುತ್ತಾ ಹೋಗುತ್ತದೆ ಎಂಬುದು ಇನ್ನೊಂದು. ಗಾಳಿ ತುಂಬುವ ಪಿವಿಸಿ ಬೋರ್ಡಾದರೆ ತೇಪೆ ಹಾಕಿ ಒಂದು ದಿನ ಒಣಗಿಸಿದರೆ ಸಾಕು.

ನಂದಿನಿತೀರ

ಎಲ್ಲರಿಗೂ ಧನ್ಯವಾದಗಳು. ಮೊನ್ನೆ ಅಂಗಡಿಗೆ ಹೋಗಿ ಪೆಟ್ಟಿಗೆ ಒಡೆಸಿದೆ. ಚೀಟಿಯಲ್ಲಿ ಗರಿಷ್ಠ ಭಾರ 150 ಕಿಲೋ ಎಂದೇ ಇದೆ. ತಯಾರಾಗಿ ಎರಡು ವರ್ಷ ಎರಡು ತಿಂಗಳಾಗಿದೆ. ಮಗುಚಿದಾಗ ಉದ್ದನೆಯ ಸೀಳು, ಅದರೊಳಗೆ ಬಿಲ್ಲೆ, ಸ್ಕ್ರೂ ಎಲ್ಲ ಕಂಡು ಮನಸ್ಸು ಹಗುರವಾಯಿತು. ತಮಾಷೆಯೆಂದರೆ, ಪ್ಲಾಸ್ಟಿಕ್ ಕ್ಲಿಪ್ಪಿನ ಫಿನ್ ಇರುವುದು ಹೊಸ ಮಾದರಿಯಲ್ಲಿ.

ಮಧ್ಯಾಹ್ನ ಮೂರಕ್ಕೆ 15 ಪಿಎಸ್‌ಐ ತುಂಬಿದೆವು. 8 ದಾಟುವವರೆಗೆ ಪಂಪು ಸಲೀಸಾಗಿ ಇಳಿಯುತ್ತಿತ್ತು; ಆ ಮೇಲಿನದು ಮೈಭಾರ ಹಾಕಿ ಒತ್ತಬೇಕಾದ ಕೆಲಸ, ಅಂಗಡಿಯ ಹುಡುಗನೂ ನಾನೂ ಸರದಿ ಹಿಡಿದೆವು. ಮರುದಿನ ಮೂರಕ್ಕೆ ನೋಡಿದರೆ 13. ಗುಳ್ಳೆಗಳು ವಾಲ್ವಿನ ಸುತ್ತ ಮಾತ್ರ ಎದ್ದವು. ಕೀಲಿಯಿಂದ ಕಾಲು ಸುತ್ತು ಬಿಗಿ ಮಾಡಿ ಮತ್ತೆ ಒಂದು ದಿನ ಬಿಟ್ಟಾಗ ಮುಳ್ಳು 15ರಿಂದ ಕದಲಿರಲಿಲ್ಲ. ಬೆಂಚಿನ ಮೇಲಿಟ್ಟು ಕುಳಿತಾಗ ಹೊಸದಕ್ಕಿಂತ ಒಂದು ಬೆರಳಿನಷ್ಟು ಹೆಚ್ಚು ಬಾಗಿದ್ದು ನಿಜ, ಆದರೆ ಅಷ್ಟಕ್ಕೆ 14,000 ಕೊಡಲು ಮನಸ್ಸಾಗಲಿಲ್ಲ. ಹಳೆಯದನ್ನೇ ತಂದಿದ್ದೇನೆ.

ಈಗ ಎರಡು ಸಂಶಯಗಳು. ಜೊತೆಗೆ ಬಂದಿರುವ ಫಿನ್ 9 ಇಂಚಿನದು; ಇಳಿತದ ಹೊತ್ತಿಗೆ ನಮ್ಮಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಮೊಣಕಾಲುದ್ದದ ನೀರಿನಲ್ಲಿ ನಿಂತಿರುತ್ತಾರೆ, ಅಂಥಲ್ಲಿ ಇದು ನೆಲಕ್ಕೆ ತಾಗುವುದಿಲ್ಲವೇ? ಮತ್ತು ಬಿದ್ದಾಗ ಬೋರ್ಡ್ ದೂರ ಹೋಗದಂತೆ ಕಾಲಿಗೆ ಕಟ್ಟುವ ಹಗ್ಗ ಯಾವುದಿರಬೇಕು?

ಕುದ್ರುವಾಸಿ

ತಾಗಿಯೇ ತಾಗುತ್ತದೆ. ಮರಳದಿಬ್ಬಕ್ಕೆ ಫಿನ್ ತಾಗಿದರೆ ಬೋರ್ಡ್ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಮುಂದೆ ಕುಳಿತ ಮಗಳ ಮೇಲೆ ಬೀಳುತ್ತೀರಿ. 4 ರಿಂದ 6 ಇಂಚಿನ, ಬಾಗುವ ರಬ್ಬರಿನಂಥ ಫಿನ್ ಒಂದನ್ನು ಕೊಂಡು ಹಿನ್ನೀರಿಗೆ ಅದನ್ನೇ ಹಾಕಿ, ನದಿಯ ಆಳದಲ್ಲಿ ದೂರ ಹೋಗುವ ದಿನ 9 ಇಂಚಿನದಿರಲಿ. ಆ ಸ್ಕ್ರೂ ಮತ್ತು ಬಿಲ್ಲೆಯ ಇನ್ನೊಂದು ಜೊತೆಯನ್ನು ಚೀಲದಲ್ಲಿಟ್ಟುಕೊಳ್ಳಿ. ಒಮ್ಮೆ ಮರಳಿಗೆ ಬಿದ್ದರೆ ಅದು ಸಿಗುವುದಿಲ್ಲ.

ಹಗ್ಗದ ವಿಚಾರದಲ್ಲಿ ಮಾತ್ರ ರಾಜಿ ಬೇಡ. ನಿಂತ ನೀರಿನಲ್ಲಿ ಸುರುಳಿಯ ಹಗ್ಗವನ್ನು ಕಾಲಿಗೆ ಕಟ್ಟಬಹುದು. ಆದರೆ ನಿಮ್ಮ ನದಿ ಇಳಿತದಲ್ಲಿ ಹರಿಯುವ ನೀರು. ಹಗ್ಗ ಕಾಂಡ್ಲಾ ಬೇರಿಗೋ ಬಲೆ ಕಟ್ಟಿದ ಗೂಟಕ್ಕೋ ಸುತ್ತಿಕೊಂಡರೆ ನೀರಿನ ಸೆಳೆತಕ್ಕೆ ಬಗ್ಗಿ ಕಾಲಿನ ಪಟ್ಟಿ ಬಿಚ್ಚಲು ಆಗುವುದೇ ಇಲ್ಲ. ಸೊಂಟಕ್ಕೆ ಕಟ್ಟುವ, ಒಂದೇ ಎಳೆತಕ್ಕೆ ಕಳಚುವ ಪಟ್ಟಿಯನ್ನು ಕೊಳ್ಳಿ, ದಡದಲ್ಲಿ ಕಣ್ಣು ಮುಚ್ಚಿ ಹತ್ತು ಸಲ ಕಳಚಿ ಅಭ್ಯಾಸ ಮಾಡಿ. ಲೈಫ್ ಜಾಕೆಟ್ ಮೂವರಿಗೂ ಬೇಕು.

ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ನೀರು ಕನ್ನಡಿಯಂತೆ ಕಾಣುವುದರಿಂದ ಎಲ್ಲರೂ ಆಗಲೇ ಇಳಿಯುತ್ತಾರೆ. ಆದರೆ ಅದೇ ಹೊತ್ತಿಗೆ ಇಳಿತವೂ ಇದ್ದರೆ ಗಾಳಿ, ನೀರು ಎರಡೂ ಅಳಿವೆಯ ಕಡೆಗೇ ತಳ್ಳುತ್ತವೆ, ಹೋಗುವಾಗ ಸಿಕ್ಕ ಸುಖಕ್ಕೆ ಬರುವಾಗ ಬಡ್ಡಿ ಕಟ್ಟಬೇಕಾಗುತ್ತದೆ. ಮೊದಲು ಹೊಳೆಯ ಮೇಲಕ್ಕೆ ಹೋಗಿ, ಆಮೇಲೆ ನೀರಿನ ಜೊತೆ ಮನೆಗೆ ಬನ್ನಿ.

ಉಪ್ಪುನೀರು

ಹುಟ್ಟಿನ ಉದ್ದವನ್ನು ಯಾರೂ ಹೇಳಲಿಲ್ಲ: ನಿಮಗೆ ಸುಮಾರು 190 ರಿಂದ 195 ಸೆಂಟಿಮೀಟರ್, ನಿಮ್ಮ ಮನೆಯವರಿಗೆ 175 ರಿಂದ 180. ಅಲ್ಯೂಮಿನಿಯಂ ಹುಟ್ಟಾದರೆ ಪ್ರತಿ ಸಲವೂ ತುಂಡುಗಳನ್ನು ಬಿಡಿಸಿ ಸಿಹಿನೀರಿನಲ್ಲಿ ತೊಳೆಯಿರಿ. ನಾನು ಒಂದು ವಾರ ಮರೆತೆ, ಉಪ್ಪು ಹಿಡಿದು ಎರಡು ತುಂಡುಗಳು ಒಂದಾದವು. ಈಗ ಅದು 183 ಸೆಂಟಿಮೀಟರಿನಲ್ಲೇ ನಿಂತಿದೆ, ನಮ್ಮ ಮನೆಯಲ್ಲಿ ಆ ಅಳತೆಗೆ ಹೊಂದುವವರು ಯಾರೂ ಇಲ್ಲ.

ನಂದಿನಿತೀರ

ಸೊಂಟದ ಪಟ್ಟಿಗೂ 5 ಇಂಚಿನ ಫಿನ್ನಿಗೂ ಹೇಳಿದ್ದೇನೆ. ಅವು ಬರುವವರೆಗೆ ಬೋರ್ಡ್ ಚಾವಡಿಯಲ್ಲೇ ಇರುತ್ತದೆ. ಸದ್ಯಕ್ಕೆ ಅದರ ಮೇಲೆ ಕುಳಿತು ಮಗಳು ಹೋಂವರ್ಕ್ ಮಾಡುತ್ತಿದ್ದಾಳೆ.